ಬೀದಿಯ ಮಳೆನೀರೂ ಹೊಳೆಯ ಮೀನೂ

ಅಮೆರಿಕದ ವಾಯವ್ಯ ಮೂಲೆಯಲ್ಲಿ, ಶಾಂತಸಾಗರದ ಒಂದು ತೋಳು ನೆಲದೊಳಕ್ಕೆ ಬಹುದೂರ ಚಾಚಿ ಬಂದು ಅನೇಕ ಕೊಲ್ಲಿಗಳಾಗಿ ಕವಲೊಡೆದಿರುವ ಪ್ಯೂಜೆಟ್ ಸೌಂಡ್ ಎಂಬ ಜಲಪ್ರದೇಶವುಂಟು. ಅದರ ದಡದ ಮೇಲೆಯೇ ಸಿಯಾಟಲ್, ಟಕೋಮಾ ಮೊದಲಾದ ನಗರಗಳು ಬೆಳೆದಿವೆ. ಸಿಯಾಟಲ್ಲಿನ ಪಶ್ಚಿಮ ಭಾಗದಲ್ಲಿ, ಮನೆಗಳ ಹಿತ್ತಿಲುಗಳನ್ನು ಹಾದು, ರಸ್ತೆಗಳ ಅಡಿಯ ಕೊಳವೆಗಳಲ್ಲಿ ನುಸುಳಿ, ಮತ್ತೆ ಬೆಳಕಿಗೆ ಬಂದು ಹರಿಯುವ ಲಾಂಗ್‌ಫೆಲೋ ಎಂಬ ಹೆಸರಿನ ಒಂದು ಸಣ್ಣ ಹಳ್ಳವಿದೆ. 1990ರ ದಶಕದಲ್ಲಿ ಆ ನಗರದವರು ಇಂತಹ ಹಳ್ಳಗಳನ್ನು ಉದ್ಧರಿಸಬೇಕೆಂದು ಸಂಕಲ್ಪಿಸಿ, ಅವುಗಳ ದಡಕ್ಕೆ ಗಿಡಮರಗಳ ನೆರಳನ್ನೂ ಒಡಲಿಗೆ ಮೀನು ಮೊಟ್ಟೆಯಿಡಲು ತಕ್ಕ ಜಲ್ಲಿಕಲ್ಲಿನ ಪಾತ್ರವನ್ನೂ ಮರಳಿ ಒದಗಿಸಿದರು. ಅವರ ಶ್ರಮ ವ್ಯರ್ಥವಾಗಲಿಲ್ಲ. ಸಮುದ್ರದಿಂದ ಕೋಹೋ ಎಂಬ ಜಾತಿಯ ಸಾಲ್ಮನ್ ಮೀನುಗಳು ಶರತ್ಕಾಲದಲ್ಲಿ ಹಳ್ಳವನ್ನೇರಿ ಬಂದುವು. ಆದರೆ ಬಂದ ಮೀನುಗಳನ್ನು ನೋಡಲೆಂದು ಕುತೂಹಲದಿಂದ ದಡದಲ್ಲಿ ನಿಂತವರು ಕಂಡ ದೃಶ್ಯವು ಅತ್ಯಂತ ದಾರುಣವಾದುದಾಗಿತ್ತು.

ಮೀನುಗಳು ನೀರಿನ ಮೇಲ್ಮೈಗೆ ಬಂದು ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದುವು. ಬಾಯಿ ತೆರೆದುಕೊಂಡು, ಈಜುರೆಕ್ಕೆಗಳನ್ನು ಬಿಗಿಯಾಗಿ ಹರಡಿಕೊಂಡು, ದಿಕ್ಕು ತಪ್ಪಿ, ಮಗ್ಗುಲಿಗೆ ಹೊರಳಿ, ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡುತ್ತಿದ್ದುವು. ಸತ್ತ ಹೆಣ್ಣುಮೀನಿನ ಹೊಟ್ಟೆಯನ್ನು ಸೀಳಿ ನೋಡಿದರೆ ಮೊಟ್ಟೆಗಳು ಇದ್ದುದು ಇದ್ದ ಹಾಗೆಯೇ ತುಂಬಿರುತ್ತಿದ್ದುವು. ಕೋಹೋ ಮೀನಿಗೆ ಆಯುಸ್ಸು ಸಾಮಾನ್ಯವಾಗಿ ಮೂರು ವರ್ಷ. ಸಿಹಿನೀರಿನಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಹುಟ್ಟಿದ ಹೊಳೆಯನ್ನೇ ಅರಸಿಕೊಂಡು ಬಂದು, ಒಮ್ಮೆ ಮಾತ್ರ ಮೊಟ್ಟೆಯಿಟ್ಟು ಸಾಯುವುದು ಅದರ ಧರ್ಮ. ಸಾಯುವುದರಲ್ಲಿ ಆಶ್ಚರ್ಯವಿಲ್ಲ, ಇಡೀ ಜೀವಮಾನವು ಯಾವ ಒಂದು ಕಾರ್ಯಕ್ಕೆ ಸಿದ್ಧತೆಯಾಗಿತ್ತೋ ಆ ಕಾರ್ಯದ ಹೊಸ್ತಿಲಿನಲ್ಲಿ, ಅದನ್ನು ನೆರವೇರಿಸದೆ ಸತ್ತುದು ಆಶ್ಚರ್ಯ. 2002ರಿಂದ 2009ರವರೆಗೆ ವಿಜ್ಞಾನಿಗಳು ಆ ಹಳ್ಳವನ್ನು ಋತುವಿನುದ್ದಕ್ಕೂ ದಿನದಿನವೂ ನಡೆದು ಎಣಿಸಿದಾಗ, ಒಂದೊಂದು ವರ್ಷ ಬಂದ ಮೀನುಗಳಲ್ಲಿ ಶೇಕಡ 60ರಿಂದ 100ರಷ್ಟು ಹೀಗೆ ಅಕಾಲಮೃತ್ಯುವಿಗೆ ಈಡಾಗುತ್ತಿದ್ದುದು ಕಂಡುಬಂದಿತು. ಊರಿನಿಂದ ದೂರವಿದ್ದ, ಕಾಡಿನ ನಡುವಣ ಇನ್ನೊಂದು ಹಳ್ಳದಲ್ಲಿ ಈ ಪ್ರಮಾಣವು ಶೇಕಡ 1ನ್ನೂ ಮುಟ್ಟಲಿಲ್ಲ. ರೋಗವೇ? ರೋಗದ ಚಿಹ್ನೆಯಿಲ್ಲ. ನೀರಿನಲ್ಲಿ ಪ್ರಾಣವಾಯುವಿನ ಕೊರತೆಯೇ? ಅದೂ ಇಲ್ಲ. ಸಂಶಯಕ್ಕೆ ಎಡೆಯಾದ ಸಂಗತಿ ಒಂದೇ ಉಳಿಯಿತು: ಮೀನುಗಳು ಸಾಯುತ್ತಿದ್ದುದು ಮಳೆ ಬಂದ ಮೇಲೆ.

ಆಕಾಶದಿಂದ ಬಿದ್ದ ನೀರು ನಿರ್ಮಲವಾದುದೆಂಬುದು ನಮ್ಮ ಹಿರಿಯರ ನಂಬಿಕೆ. ಅದು ಸುಳ್ಳೂ ಅಲ್ಲ. ಕೆಡುಕು ಪ್ರಾರಂಭವಾಗುವುದು ಅದು ನೆಲವನ್ನು ಮುಟ್ಟಿದ ತರುವಾಯ. ಪ್ಯೂಜೆಟ್ ಸೌಂಡಿನ ಸುತ್ತಲೂ ಹಿಂದೆ ಇದ್ದ ದೇವದಾರು ಜಾತಿಯ ದಟ್ಟವಾದ ಅರಣ್ಯದಲ್ಲಿ ಮಳೆಹನಿಯು ಎಲೆಗಳ ಮೇಲೆ ತಂಗಿ, ತರಗೆಲೆಯ ಮೆತ್ತೆಯ ಮೂಲಕ ಸೋಸಿ, ಮೆಲ್ಲಮೆಲ್ಲನೆ ಮಣ್ಣಿಗಿಳಿದು, ಎಷ್ಟೋ ದಿನಗಳ ಮೇಲೆ ತಣ್ಣಗೆ ಹೊಳೆಯನ್ನು ಸೇರುತ್ತಿತ್ತು. ಈಗ ಆ ಜಾಗದಲ್ಲಿ ಚಾವಣಿಗಳೂ ಡಾಂಬರು ರಸ್ತೆಗಳೂ ವಾಹನ ನಿಲ್ಲಿಸುವ ವಿಶಾಲವಾದ ಬಯಲುಗಳೂ ಬಂದಿವೆ. ಒಂದು ಎಕರೆ ಡಾಂಬರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಇಂಗುವುದಕ್ಕೆ ಮಣ್ಣಿಲ್ಲದೆ ಅಷ್ಟೂ ನೀರು, ಬೀದಿಯಲ್ಲಿ ಕೂತಿದ್ದ ಎಣ್ಣೆಯ ಪಸೆ, ಬ್ರೇಕಿನಿಂದ ಸವೆದ ತಾಮ್ರದ ಧೂಳು, ತಗಡಿನ ಸತು, ನಾಯಿಯ ಹೇಲು, ತೋಟದ ಔಷಧ ಎಲ್ಲವನ್ನೂ ಬಾಚಿಕೊಂಡು ಓಡುತ್ತದೆ. ಸಿಯಾಟಲ್ಲಿನ ಮಳೆಯು ವರ್ಷಕ್ಕೆ ಸುಮಾರು 950 ಮಿಲಿಮೀಟರ್; ಮೊತ್ತದಲ್ಲಿ ಅದು ನಮ್ಮ ಬೆಂಗಳೂರಿನ ಮಳೆಗಿಂತ ಹೆಚ್ಚು ಭಿನ್ನವಲ್ಲ. ಆದರೆ ಬೆಂಗಳೂರಿನ ಮಳೆ ಗುಡುಗಿ ಸುರಿದು ಹೋಗತಕ್ಕದ್ದು. ಅಲ್ಲಿಯದು ಅಕ್ಟೋಬರಿನಲ್ಲಿ ಹಿಡಿದರೆ ವಸಂತದವರೆಗೆ ಬಿಡದೆ ಜಿನುಗುವ ಸೋನೆ. ಎರಡು ಕಡೆಯಲ್ಲೂ ಜನ ಸಾಮಾನ್ಯವಾಗಿ ಮರೆಯುವ ಸಂಗತಿಯೊಂದುಂಟು. ಬಚ್ಚಲಿನ ನೀರು ಒಳಚರಂಡಿಯ ಮೂಲಕ ಶುದ್ಧೀಕರಣದ ಸ್ಥಾವರಕ್ಕೆ ಹೋಗುವುದಷ್ಟೆ. ರಸ್ತೆಯ ಪಕ್ಕದ ಜಾಲರಿಯೊಳಗೆ ಬಿದ್ದ ಮಳೆನೀರಾದರೋ, ನಮ್ಮ ರಾಜಕಾಲುವೆಯ ನೀರು ಕೆರೆಗೆ ಹೋಗುವಂತೆಯೇ, ಬಹುಪಾಲು ಯಾವ ಸಂಸ್ಕಾರವೂ ಇಲ್ಲದೆ ನೇರವಾಗಿ ಹಳ್ಳಕ್ಕೂ ಕಡಲಿಗೂ ಹೋಗುತ್ತದೆ.

ಇದನ್ನು ಕಾನೂನಿನ ಹತೋಟಿಗೆ ತರುವುದು ಸುಲಭವಾದ ಕಾರ್ಯವಾಗಿರಲಿಲ್ಲ. 1969ರ ಜೂನ್ ತಿಂಗಳಲ್ಲಿ ಕ್ಲೀವ್‌ಲ್ಯಾಂಡ್ ನಗರದ ಕಯಾಹೋಗಾ ನದಿಯ ಮೇಲಿನ ಎಣ್ಣೆಗೆ ಬೆಂಕಿ ಹತ್ತಿಕೊಂಡು, ನದಿಯೇ ಉರಿಯಿತೆಂಬ ಸುದ್ದಿ ದೇಶವನ್ನೆಲ್ಲ ತಲ್ಲಣಗೊಳಿಸಿತು. 1972ರಲ್ಲಿ, ಅಧ್ಯಕ್ಷ ನಿಕ್ಸನ್ನರ ನಿಷೇಧವನ್ನೂ ಮೀರಿ, ಅಮೆರಿಕದ ಕಾಂಗ್ರೆಸ್ಸು ಶುದ್ಧಜಲದ ಶಾಸನವನ್ನು ಅಂಗೀಕರಿಸಿತು. ಪರವಾನಗಿಯಿಲ್ಲದೆ ಯಾರೂ ಕೊಳವೆಯಿಂದ ದೇಶದ ಜಲಾಶಯಗಳಿಗೆ ಮಲಿನವಸ್ತುವನ್ನು ಬಿಡಕೂಡದೆಂಬುದು ಅದರ ತಿರುಳು. ಕಾರ್ಖಾನೆಯ ಕೊಳವೆಗೆ ಈ ಮಾತು ಚೆನ್ನಾಗಿಯೇ ಹೊಂದಿತು; ಕೊಳವೆಯ ಬಾಯಿ ಎಲ್ಲಿದೆಯೆಂದು ತೋರಿಸಬಹುದು, ಒಡೆಯನು ಯಾರೆಂದು ಹೇಳಬಹುದು. ಆದರೆ ಸಾವಿರ ಚಾವಣಿಗಳಿಂದಲೂ ನೂರು ಬೀದಿಗಳಿಂದಲೂ ಕೂಡಿಬಂದ ಮಳೆನೀರಿಗೆ ಒಡೆಯನಾರು? ಈ ಪ್ರಶ್ನೆಯು ಹದಿನೈದು ವರ್ಷ ಹಾಗೆಯೇ ಉಳಿದು, 1987ರ ತಿದ್ದುಪಡಿಯಲ್ಲಿ ಸ್ಪಷ್ಟವಾದ ಉತ್ತರವನ್ನು ಪಡೆಯಿತು. ಮಳೆನೀರಿನ ಕಾಲುವೆಗಳನ್ನು ಇಟ್ಟುಕೊಂಡಿರುವ ನಗರಗಳೇ ಆ ನೀರಿಗೆ ಉತ್ತರವಾದಿಗಳೆಂದೂ, ಕೈಗಾರಿಕೆಯ ಅಂಗಳದಿಂದ ಹರಿಯುವ ಮಳೆನೀರಿಗೂ ಕಟ್ಟಡಕ್ಕಾಗಿ ನೆಲ ಅಗೆಯುವ ಸ್ಥಳಗಳಿಗೂ ಪರವಾನಗಿ ಬೇಕೆಂದೂ ನಿಶ್ಚಯವಾಯಿತು. 1990ರ ನಿಯಮಗಳು ಲಕ್ಷಕ್ಕೆ ಮೇಲ್ಪಟ್ಟು ಜನರಿರುವ ಪಟ್ಟಣಗಳನ್ನು ಹಿಡಿದುವು. 1999ರವು ಚಿಕ್ಕ ಊರುಗಳನ್ನೂ, ಒಂದು ಎಕರೆಯಷ್ಟು ನೆಲವನ್ನು ಕೆದಕುವ ಪ್ರತಿಯೊಂದು ಕೆಲಸವನ್ನೂ ಹಿಡಿದುವು. ಸಿಯಾಟಲ್ ಇರುವ ವಾಷಿಂಗ್‌ಟನ್ ರಾಜ್ಯದಲ್ಲಿ ಈ ಪರವಾನಗಿಗಳನ್ನು ಕೊಡುವುದೂ ಪಾಲಿಸಿದರೋ ಇಲ್ಲವೋ ಎಂದು ನೋಡುವುದೂ ಆ ರಾಜ್ಯದ ಪರಿಸರ ಇಲಾಖೆಯ ಹೊಣೆ.

ಇಲ್ಲಿಯವರೆಗಿನ ಕಥೆ ಶಾಸನದ ಕಥೆ. ಶಾಸನವಾದ ಕೂಡಲೆ ಕಾರ್ಯವಾಯಿತೆಂದು ತಿಳಿಯುವ ಅಭ್ಯಾಸ ಲೋಕದಲ್ಲಿ ಎಲ್ಲೆಡೆಯೂ ಇದೆ. ನನಗಾದರೋ ಶಾಸನವಾದ ಮರುದಿನದ ಕಥೆಯೇ ಹೆಚ್ಚು ಮುಖ್ಯವಾಗಿ ತೋರುತ್ತದೆ. ಒಂದು ಸಣ್ಣ ಊರಿನಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಭಾಗಗಳನ್ನು ಮಾರುವ ಒಬ್ಬ ವ್ಯಾಪಾರಿಯನ್ನು ಭಾವಿಸಿಕೊಳ್ಳಿ. ಅವನ ಕೈಗೆ ಹತ್ತಾರು ಪುಟಗಳ ಪರವಾನಗಿ ಬರುತ್ತದೆ. ಅಂಗಳದಿಂದ ಹರಿದುಹೋಗುವ ಮಳೆನೀರನ್ನು ಮೂರು ತಿಂಗಳಿಗೊಮ್ಮೆ ಸೀಸೆಯಲ್ಲಿ ಹಿಡಿದು ಪ್ರಯೋಗಶಾಲೆಗೆ ಕಳುಹಿಸಬೇಕೆಂದು ಅದರಲ್ಲಿದೆ. ರಾಜ್ಯದ ಪಶ್ಚಿಮ ಭಾಗದಲ್ಲಿ, ಲೀಟರೊಂದಕ್ಕೆ ತಾಮ್ರವು 14 ಮೈಕ್ರೋಗ್ರಾಮನ್ನೂ ಸತುವು 117 ಮೈಕ್ರೋಗ್ರಾಮನ್ನೂ ಮೀರಕೂಡದು. ನೀರಿನ ಕದಡು 25 ಎನ್‌ಟಿಯು ಎಂಬ ಅಳತೆಯೊಳಗಿರತಕ್ಕದ್ದು. ಎಣ್ಣೆಯ ಹೊಳಪು ಕಾಣಿಸಲೇಬಾರದು. ಮೀರಿದರೆ ಮೊದಲ ಹಂತದಲ್ಲಿ ಕೆಲಸದ ರೀತಿಯನ್ನು ತಿದ್ದಿಕೊಳ್ಳಬೇಕು, ಎರಡನೆಯದರಲ್ಲಿ ಕಟ್ಟೋಣದ ಮಾರ್ಪಾಡು ಆಗಬೇಕು, ಮೂರನೆಯದರಲ್ಲಿ ನೀರನ್ನು ಶುದ್ಧಿಮಾಡುವ ಸಾಧನವನ್ನೇ ನಿಲ್ಲಿಸಬೇಕು. ಕೊನೆಯದಕ್ಕೆ ಅಪಾರವಾದ ಹಣ ಹಿಡಿಯುತ್ತದೆ. ಈ ಮನುಷ್ಯನಿಗೆ ಕೆಡುಕು ಮಾಡುವ ಇಚ್ಛೆಯೇನೂ ಇಲ್ಲ. ಆದರೆ ತನ್ನ ಅಂಗಳದ ನೀರಿನಲ್ಲಿ ಇಷ್ಟು ಸತು ಎಲ್ಲಿಂದ ಬಂತೆಂಬುದೇ ಅವನಿಗೆ ತಿಳಿಯದು. ಅನೇಕ ಸಲ ಅದು ಬಂದಿರುವುದು ಅವನ ವ್ಯಾಪಾರದಿಂದಲೇ ಅಲ್ಲ, ತಲೆಯ ಮೇಲಿನ ಸತುಲೇಪದ ತಗಡಿನ ಚಾವಣಿಯಿಂದಲೂ ಸುತ್ತಲಿನ ತಂತಿಬೇಲಿಯಿಂದಲೂ. ತಗಡಿಗೆ ತಕ್ಕ ಬಣ್ಣ ಬಳಿಸಿದರೆ ಎಷ್ಟೋ ಇಳಿಯುತ್ತದೆಂದು ಯಾರಾದರೂ ಅವನಿಗೆ ಹೇಳಬೇಡವೇ?

ತನಿಖೆಗೆ ಬಂದ ಅಧಿಕಾರಿಯನ್ನು ಇದನ್ನು ಕೇಳಲು ಅವನಿಗೆ ಅಳುಕು. ಕೇಳಿದರೆ ತಪ್ಪನ್ನು ಒಪ್ಪಿಕೊಂಡಂತೆ ಆಗುವುದೆಂಬ ಭಯ. ಈ ಅಳುಕಿಗೆ ಎಡೆಯಿಲ್ಲದಂತಹ ಒಂದು ಸ್ಥಾನವನ್ನು ಅಲ್ಲಿ ಕಲ್ಪಿಸಿದ್ದಾರೆ. ಅದರ ಹೆಸರು ವಾಷಿಂಗ್‌ಟನ್ ಸ್ಟಾರ್ಮ್‌ವಾಟರ್ ಸೆಂಟರ್. ನಾವು ಮಳೆನೀರಿನ ಕೇಂದ್ರವೆಂದು ಕರೆಯೋಣ. ಪ್ಯುಯಾಲಪ್ ಎಂಬ ಊರಿನಲ್ಲಿರುವ ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧನಾ ಮತ್ತು ವಿಸ್ತರಣಾ ಕೇಂದ್ರವೂ, ಟಕೋಮಾದಲ್ಲಿ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ನಗರಜಲಗಳ ಅಧ್ಯಯನ ಕೇಂದ್ರವೂ ಕೂಡಿ ನಡೆಸುವ ಸಂಸ್ಥೆಯಿದು. ದಂಡ ವಿಧಿಸುವ ಅಧಿಕಾರ ಇದಕ್ಕಿಲ್ಲ; ಆ ಅಧಿಕಾರವಿಲ್ಲದಿರುವುದೇ ಇದರ ಬಲವೆಂದು ನಾನು ಎಣಿಸುತ್ತೇನೆ. ಪರವಾನಗಿಯ ಯಾವ ವಾಕ್ಯದ ಅರ್ಥವೇನು, ಸೀಸೆಯನ್ನು ಯಾವ ಜಾಗದಲ್ಲಿ ಯಾವ ಹೊತ್ತಿನಲ್ಲಿ ಹಿಡಿಯಬೇಕು, ಊರಿನ ಪುರಸಭೆಯು ತನ್ನ ಕಾಲುವೆಗಳ ನಕ್ಷೆಯನ್ನು ಹೇಗೆ ಬರೆಯಬೇಕು, ಕಾಲುವೆಗೆ ಕಳ್ಳತನದಿಂದ ಸೇರಿಸಿದ ಬಚ್ಚಲಿನ ಕೊಳವೆಯನ್ನು ಹೇಗೆ ಪತ್ತೆಮಾಡಬೇಕು ಎಂಬಿವೇ ಮೊದಲಾದುವನ್ನು ವ್ಯಾಪಾರಿಗೂ ಪುರಸಭೆಯ ನೌಕರನಿಗೂ ತಿಳಿಸಿಕೊಡುವುದು ಇದರ ಕೆಲಸ. ನಮ್ಮ ರೈತರಿಗೆ ಕೃಷಿ ವಿಸ್ತರಣೆಯ ಕಾರ್ಯಕರ್ತರು ಹೊಲದ ಬದುವಿನ ಮೇಲೆ ನಿಂತು ಬೀಜ ಗೊಬ್ಬರಗಳ ವಿಷಯ ಹೇಳಿಕೊಟ್ಟುದನ್ನು ನೆನೆದರೆ ಇದರ ಸ್ವರೂಪವು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಪ್ಯುಯಾಲಪ್ಪಿನ ಕೇಂದ್ರವೂ ಮೊದಲಿಗೆ ವ್ಯವಸಾಯಕ್ಕಾಗಿಯೇ ಹುಟ್ಟಿದುದು.

ತರಬೇತಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳತಕ್ಕುದು. ಆ ರಾಜ್ಯದಲ್ಲಿ ಒಂದು ಎಕರೆ ಅಥವಾ ಅದಕ್ಕೂ ಹೆಚ್ಚಿನ ನೆಲವನ್ನು ಅಗೆಯುವ ಪ್ರತಿಯೊಂದು ಕಟ್ಟಡದ ಕೆಲಸಕ್ಕೂ, ಮಣ್ಣಿನ ಸವಕಳಿಯನ್ನು ತಡೆಯುವ ವಿದ್ಯೆಯಲ್ಲಿ ಪ್ರಮಾಣಪತ್ರ ಪಡೆದ ಒಬ್ಬ ಮೇಲ್ವಿಚಾರಕನು ಇರಲೇಬೇಕು. ಈ ಪ್ರಮಾಣಪತ್ರವನ್ನು ಪಡೆಯಲು ಹದಿನಾರು ಗಂಟೆಗಳ ಪಾಠ; ಮೂರು ವರ್ಷಕ್ಕೊಮ್ಮೆ ಎಂಟು ಗಂಟೆಗಳ ಮರುಪಾಠ. ಪಾಠದ ವಿಷಯವು ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಇಳಿಜಾರಿನ ಕೆಳಗೆ ಹೂಳನ್ನು ತಡೆಯಲು ಬಟ್ಟೆಯ ಬೇಲಿಯೊಂದನ್ನು ಕಟ್ಟುತ್ತಾರೆ; ಅದರ ಕೆಳಅಂಚನ್ನು ತೋಡಿನೊಳಗೆ ಹೂತು ಮಣ್ಣು ಬಡಿದು ಗಟ್ಟಿಮಾಡದಿದ್ದರೆ ನೀರು ಅಡಿಯಲ್ಲಿ ನುಸುಳಿ ಹೋಗುತ್ತದೆ, ಬೇಲಿ ಮಾತ್ರ ನೆಟ್ಟಗೆ ನಿಂತು ಕೆಲಸ ಸರಿಯಾಗಿ ನಡೆದಿದೆಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಲಾರಿಗಳು ಹೊರಬೀಳುವ ದಾರಿಯಲ್ಲಿ ದಪ್ಪಕಲ್ಲನ್ನು ಹಾಸದಿದ್ದರೆ ಚಕ್ರಕ್ಕೆ ಮೆತ್ತಿದ ಕೆಸರೆಲ್ಲ ರಸ್ತೆಗೆ, ರಸ್ತೆಯಿಂದ ಜಾಲರಿಗೆ. ಹೊಸ ಕಾಂಕ್ರೀಟಿನ ಮೇಲೆ ಹರಿದ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುವುದು. ಆದರೆ ಅದು ಸುಣ್ಣದ ನೀರಿನಂತೆ ಕ್ಷಾರವಾಗಿ ಮೀನಿನ ಕಿವಿರನ್ನು ಸುಡಬಲ್ಲುದಾದ್ದರಿಂದ ಅದರ ಪಿಎಚ್ ಅಳೆಯಬೇಕು, 6.5ರಿಂದ 8.5ರೊಳಗೆ ಇಲ್ಲದಿದ್ದರೆ ಹೊರಗೆ ಬಿಡಕೂಡದು. ರಾಜ್ಯದ ಪಶ್ಚಿಮ ಭಾಗದಲ್ಲಿ, ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗಿನ ಮಳೆಗಾಲದಲ್ಲಿ, ಕೆಲಸ ನಡೆಯದೆ ಬಿಟ್ಟ ಬರಿಯ ಮಣ್ಣನ್ನು ಎರಡು ದಿನಕ್ಕಿಂತ ಹೆಚ್ಚು ಮುಚ್ಚದೆ ಇಡುವಂತಿಲ್ಲ. ಒಣಗಾಲದಲ್ಲಿ ಏಳು ದಿನದ ವಾಯಿದೆ. ಹೊರಗೆ ಹೋಗುವ ನೀರಿನ ಕದಡು 250 ಎನ್‌ಟಿಯು ಮುಟ್ಟಿತೆಂದರೆ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಮಹಾ ಪಾಂಡಿತ್ಯ ಬೇಡ. ಆದರೆ ಪ್ರತಿಯೊಂದಕ್ಕೂ ಕಾರಣ ಗೊತ್ತಿರಬೇಕು. ಕಾರಣ ತಿಳಿಯದ ಮೇಸ್ತ್ರಿಯು ಬೇಲಿಯನ್ನು ಅಧಿಕಾರಿಯ ಕಣ್ಣಿಗೆ ಕಟ್ಟುತ್ತಾನೆ, ತಿಳಿದವನು ನೀರಿಗೆ ಕಟ್ಟುತ್ತಾನೆ. ಹಳ್ಳದ ಜಲ್ಲಿಕಲ್ಲುಗಳ ಸಂದಿನಲ್ಲಿ ಸಾಲ್ಮನ್ನಿನ ಮೊಟ್ಟೆಗಳು ಹುದುಗಿರುವುವೆಂದೂ, ನವುರಾದ ಹೂಳು ಆ ಸಂದುಗಳನ್ನು ತುಂಬಿದರೆ ಮೊಟ್ಟೆಗೆ ಉಸಿರು ಕಟ್ಟುವುದೆಂದೂ ಒಮ್ಮೆ ಮನಸ್ಸಿಗೆ ಹತ್ತಿದರೆ, ಸಂಜೆ ಮನೆಗೆ ಹೊರಡುವ ಮುನ್ನ ಮಣ್ಣಿನ ರಾಶಿಯ ಮೇಲೆ ಹಾಳೆ ಎಳೆಯುವ ಕೈಗೆ ಬೇರೆಯವರ ಅಪ್ಪಣೆ ಬೇಕಾಗದು. ಎಲ್ಲರೂ ಹೀಗೆಯೇ ಇರುತ್ತಾರೆಂದು ನಾನು ಹೇಳಲಾರೆ. ದಂಡದ ಭಯವೂ ಇರಬೇಕಾದುದೇ. ಆದರೆ ರಾಜ್ಯದ ಎಲ್ಲ ಗುಂಡಿಗಳ ದಡದಲ್ಲಿಯೂ ಮಳೆ ಬಂದ ರಾತ್ರಿ ಒಬ್ಬೊಬ್ಬ ಅಧಿಕಾರಿಯನ್ನು ನಿಲ್ಲಿಸುವಷ್ಟು ಅಧಿಕಾರಿಗಳು ಯಾವ ಸರ್ಕಾರದಲ್ಲಿಯೂ ಇಲ್ಲ.

ಇನ್ನು ಸತ್ತ ಮೀನುಗಳ ಕಡೆಗೆ ತಿರುಗೋಣ. ಮೊದಲು ಸಂಶಯ ಬಿದ್ದುದು ಲೋಹಗಳ ಮೇಲೆ, ಅದರಲ್ಲೂ ತಾಮ್ರದ ಮೇಲೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಮಿನಷ್ಟು ತಾಮ್ರವು ಎಳೆಯ ಸಾಲ್ಮನ್ನಿನ ಘ್ರಾಣಶಕ್ತಿಯನ್ನು ಕುಂದಿಸಿ, ಹಗೆಯ ಸುಳಿವನ್ನು ಅರಿಯದಂತೆ ಮಾಡುವುದೆಂಬುದು ಸಂಶೋಧನೆಯಿಂದ ಸಿದ್ಧವಾದುದು. ಆ ಜ್ಞಾನದ ಫಲವಾಗಿಯೇ 2010ರಲ್ಲಿ ವಾಷಿಂಗ್‌ಟನ್ ರಾಜ್ಯವು ವಾಹನಗಳ ಬ್ರೇಕ್ ಪ್ಯಾಡುಗಳಲ್ಲಿ ತಾಮ್ರವನ್ನು ಕ್ರಮಕ್ರಮವಾಗಿ ತಗ್ಗಿಸಿ 2025ರ ಹೊತ್ತಿಗೆ ಶೇಕಡ ಅರ್ಧದಷ್ಟಕ್ಕೆ ಇಳಿಸಬೇಕೆಂಬ ಕಾನೂನನ್ನು ಮಾಡಿತು. ಆದರೆ ಕೋಹೋ ಮೀನುಗಳ ಸಾವಿಗೆ ತಾಮ್ರವು ಕಾರಣವಾಗಿರಲಿಲ್ಲ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಸುಕ್ವಾಮಿಷ್ ಎಂಬ ಮೂಲನಿವಾಸಿಗಳ ಮೀನುಮರಿ ಕೇಂದ್ರದಲ್ಲಿ, ಲೋಹಗಳನ್ನೂ ಎಣ್ಣೆಯ ಅಂಶಗಳನ್ನೂ ಕಲಸಿದ ಕೃತಕವಾದ ನೀರಿನಲ್ಲಿ ಕೋಹೋಗಳನ್ನು ಬಿಟ್ಟರು. ಮೀನುಗಳಿಗೆ ಏನೂ ಆಗಲಿಲ್ಲ. ಹೆದ್ದಾರಿಯಿಂದ ಹಿಡಿದು ತಂದ ನಿಜವಾದ ಮಳೆನೀರಿನಲ್ಲಿ ಬಿಟ್ಟರು, ಮೀನುಗಳು ಸತ್ತುವು. ಮೂರನೆಯದಾಗಿ, ಅದೇ ಹೆದ್ದಾರಿಯ ನೀರನ್ನು ಮರಳೂ ಕೊಳೆತ ಎಲೆಗೊಬ್ಬರವೂ ಕೂಡಿದ ಮಣ್ಣಿನ ಮೂಲಕ ಇಳಿಸಿ, ಸೋಸಿಬಂದ ನೀರಿನಲ್ಲಿ ಬಿಟ್ಟರು. ಅಲ್ಲಿ ಮೀನುಗಳು ಬದುಕಿದುವು. ಕೊಲ್ಲುವ ವಸ್ತು ಯಾವುದೆಂದು ತಿಳಿಯುವುದಕ್ಕೆ ಐದು ವರ್ಷ ಮುಂಚೆಯೇ, ಅದನ್ನು ತಡೆಯುವ ಉಪಾಯ ಕಾಲಕೆಳಗಿನ ಮಣ್ಣಿನಲ್ಲಿಯೇ ಇದೆಯೆಂಬುದು ಗೊತ್ತಾಯಿತು. ಕಾಡಿನ ನೆಲವು ಹಿಂದೆ ತಾನಾಗಿ ಮಾಡುತ್ತಿದ್ದ ಕೆಲಸವಲ್ಲವೇ ಇದು!

ಕೊಲೆಗಾರನನ್ನು ಹುಡುಕಿದ ರೀತಿ ಪತ್ತೇದಾರಿಯ ಕಥೆಗಿಂತ ಸ್ವಾರಸ್ಯವಾಗಿದೆ. ಟಕೋಮಾದ ನಗರಜಲ ಕೇಂದ್ರದಲ್ಲಿ ಎಡ್ವರ್ಡ್ ಕೊಲೋಜೆ, ಝೆನ್ಯು ಟಿಯಾನ್ ಮೊದಲಾದವರೂ ಪ್ಯುಯಾಲಪ್ಪಿನಲ್ಲಿ ಜೆನಿಫರ್ ಮ್ಯಾಕ್‌ಇಂಟೈರ್ ಅವರೂ ಕೂಡಿ, ರಸ್ತೆಯ ನೀರಿನ ಗುಣವನ್ನು ಟೈರಿನ ಪುಡಿ ನೆನೆಸಿದ ನೀರಿನಲ್ಲಿಯೂ ಕಂಡರು. ಆ ನೀರೂ ಮೀನನ್ನು ಕೊಂದಿತು. ಆದರೆ ಅದರಲ್ಲಿದ್ದ ರಾಸಾಯನಿಕಗಳು ಎರಡು ಸಾವಿರಕ್ಕೂ ಮೇಲ್ಪಟ್ಟು. ಆ ನೀರನ್ನು ಗುಣಭೇದದಿಂದ ಪಾಲುಪಾಲಾಗಿ ಬೇರ್ಪಡಿಸಿ, ಪ್ರತಿಯೊಂದು ಪಾಲನ್ನೂ ಎಳೆಯ ಕೋಹೋ ಮೀನುಗಳ ಮೇಲೆ ಪರೀಕ್ಷಿಸಿ, ಕೊಲ್ಲದ ಪಾಲನ್ನು ಚೆಲ್ಲಿ, ಕೊಲ್ಲುವ ಪಾಲನ್ನು ಮತ್ತೆ ಒಡೆದು, ಹೀಗೆಯೇ ಮುಂದುವರಿದು ಕೊನೆಗೆ ಒಂದೇ ವಸ್ತುವನ್ನು ತಲಪಿದರು. ಅದರ ಅಣುವಿನಲ್ಲಿ ಇಂಗಾಲ 18, ಜಲಜನಕ 22, ಸಾರಜನಕ 2, ಆಮ್ಲಜನಕ 2 ಎಂದು ಲೆಕ್ಕ ಸಿಕ್ಕಿತು. ಆದರೆ ಟೈರಿಗೆ ಹಾಕುವ ಪದಾರ್ಥಗಳ ಪಟ್ಟಿಯಲ್ಲಿ ಎಲ್ಲಿಯೂ ಅಂತಹ ವಸ್ತುವಿಲ್ಲ. ಬಹಳ ಯೋಚನೆಯ ಮೇಲೆ ಹೊಳೆದುದೇನೆಂದರೆ, ಅದು ಯಾರೂ ಟೈರಿಗೆ ಹಾಕಿದ ವಸ್ತುವಲ್ಲ, ಹಾಕಿದ ವಸ್ತುವಿನಿಂದ ಗಾಳಿಯಲ್ಲಿ ಹುಟ್ಟಿದ ವಸ್ತು. ಗಾಳಿಯಲ್ಲಿನ ಓಜೋನ್ ರಬ್ಬರನ್ನು ತಾಗಿ ಬಿರುಕು ಬಿಡಿಸದಿರಲೆಂದು ಟೈರಿನಲ್ಲಿ 6ಪಿಪಿಡಿ ಎಂಬ ರಕ್ಷಕದ್ರವ್ಯವನ್ನು ಬೆರೆಸುತ್ತಾರೆ. ಅದು ಓಜೋನನ್ನು ತಾನೇ ಎದುರುಗೊಂಡು, ಎರಡು ಜಲಜನಕವನ್ನು ಕಳೆದುಕೊಂಡು ಎರಡು ಆಮ್ಲಜನಕವನ್ನು ಪಡೆದು, 6ಪಿಪಿಡಿ-ಕ್ವಿನೋನ್ ಎಂಬ ವಿಷವಾಗಿ ಪರಿಣಮಿಸುತ್ತದೆ. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆ ಈ ಶೋಧವನ್ನು ಪ್ರಕಟಿಸಿತು. ತರುವಾಯದ ಹೆಚ್ಚು ನಿಖರವಾದ ಅಳತೆಯಂತೆ, ಲೀಟರಿಗೆ 95 ನ್ಯಾನೋಗ್ರಾಂ, ಎಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ 95 ಪಾಲು, ಅರ್ಧದಷ್ಟು ಕೋಹೋ ಮೀನುಗಳನ್ನು ಕೊಲ್ಲಲು ಸಾಕು. ಒಂದೇ ಗ್ರಾಂ ವಿಷದಿಂದ ಸುಮಾರು ಒಂದು ಕೋಟಿ ಲೀಟರ್ ನೀರು ಆ ಮಟ್ಟಕ್ಕೆ ಕೆಡುವುದೆಂದು ಇದರ ಅರ್ಥ. ಅದೇ ನೀರಿನಲ್ಲಿ ಚಮ್ ಎಂಬ ಸೋದರಜಾತಿಯ ಸಾಲ್ಮನ್ನು ಏನೂ ಆಗದೆ ಈಜಿಕೊಂಡಿರುವುದು ಪ್ರಕೃತಿಯ ವೈಚಿತ್ರ್ಯ.

ಆ ದ್ರವ್ಯವನ್ನು ಟೈರಿನಿಂದ ತೆಗೆದುಬಿಡಿ ಎನ್ನುವುದು ಸುಲಭ. ತೆಗೆದರೆ ರಬ್ಬರು ಬಿರಿದು ಮನುಷ್ಯರ ಪ್ರಾಣಕ್ಕೆ ಅಪಾಯ. ಆದುದರಿಂದ ಬದಲಿ ವಸ್ತುವಿನ ಅನ್ವೇಷಣೆ ನಡೆದಿದೆ. ಪ್ಯುಯಾಲಪ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಯುರೋಕ್ ಎಂಬ ಮೂರು ಮೂಲನಿವಾಸಿ ಜನಾಂಗಗಳು ಟೈರಿನಲ್ಲಿ ಈ ದ್ರವ್ಯದ ಬಳಕೆಯನ್ನು ನಿಷೇಧಿಸಬೇಕೆಂದು ಸಲ್ಲಿಸಿದ ಮನವಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2023ರಲ್ಲಿ ಪುರಸ್ಕರಿಸಿ ನಿಯಮರಚನೆಗೆ ತೊಡಗಿತು. ಈ ಜನರ ದನಿಗೆ ಅಲ್ಲಿ ವಿಶೇಷವಾದ ತೂಕವುಂಟು. 1854ರ ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಪ್ಯುಯಾಲಪ್ ಮೊದಲಾದವರು ತಮ್ಮ ಭೂಮಿಯನ್ನು ಬಿಟ್ಟುಕೊಟ್ಟರೂ ವಾಡಿಕೆಯ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಹಕ್ಕು ಕಾಗದದಲ್ಲಿಯೇ ಉಳಿದು, 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು ಹಿಡಿಯಬಹುದಾದ ಮೀನಿನಲ್ಲಿ ಅರ್ಧಪಾಲು ಅವರದೆಂದು ತೀರ್ಪಿತ್ತರು. ಹೊಳೆಯಲ್ಲಿ ಮೀನೇ ಇಲ್ಲದಿದ್ದರೆ ಆ ಅರ್ಧಪಾಲಿಗೆ ಏನರ್ಥ? ಬೀದಿಯ ಮಳೆನೀರಿನ ಪ್ರಶ್ನೆಯು ಹೀಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಪ್ರಶ್ನೆಯೂ ಆಗಿದೆ.

ಇತ್ತ ಮಣ್ಣಿನ ಉಪಾಯವು ಕ್ರಮವಾಗಿ ಬೆಳೆದಿದೆ. ರಸ್ತೆಯ ಬದಿಯಲ್ಲಿ ತಗ್ಗು ತೆಗೆದು, ಶೇಕಡ 60 ಮರಳು, ಶೇಕಡ 40 ಎಲೆಗೊಬ್ಬರ ತುಂಬಿ, ಗಿಡ ನೆಟ್ಟು, ಬೀದಿಯ ನೀರು ಅದರೊಳಗೆ ಇಂಗುವಂತೆ ಮಾಡಿದರೆ ಅದಕ್ಕೆ ಮಳೆತೋಟವೆಂದು ಹೆಸರು. ಸಿಯಾಟಲ್ಲಿನ ಒಂದು ಬೀದಿಯನ್ನು 2001ರಲ್ಲಿ ಇದೇ ತತ್ತ್ವದ ಮೇಲೆ ಪುನಃ ಕಟ್ಟಿದಾಗ, ಅಲ್ಲಿಂದ ಹರಿದು ಹೊರಗೆ ಹೋಗುತ್ತಿದ್ದ ಮಳೆನೀರಿನಲ್ಲಿ ಶೇಕಡ 99ರಷ್ಟು ನಿಂತುಹೋಯಿತು. ಆದರೆ ಸಂಶೋಧಕರು ತಮ್ಮ ಉಪಾಯವನ್ನೂ ಪರೀಕ್ಷೆಗೆ ಒಡ್ಡಿದರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಎಲೆಗೊಬ್ಬರದಿಂದಲೇ ಸಾರಜನಕ, ರಂಜಕ, ತಾಮ್ರಗಳು ಕರಗಿ ಹೊರಬರುತ್ತಿವೆಯೆಂದು ಅವರು ಕಂಡುಕೊಂಡರು. ಕೆರೆಗೆ ರಂಜಕ ಹೋದರೆ ಪಾಚಿ ಕಟ್ಟುತ್ತದೆ. ಆಮೇಲೆ ಬೇರೆಬೇರೆ ಮಿಶ್ರಣಗಳನ್ನು ಪರೀಕ್ಷಿಸಿ, ಶೇಕಡ 70 ಮರಳು, 20 ತೆಂಗಿನ ನಾರಿನ ಪುಡಿ, 10 ಜೈವಿಕ ಇದ್ದಿಲು ಎಂಬ ಹೊಸ ಹದವನ್ನು ತಂದರು. ರಾಜ್ಯದ ಇಲಾಖೆಯೂ ಅದನ್ನು ಒಪ್ಪಿಕೊಂಡಿತು. ತೆಂಗೇ ಬೆಳೆಯದ ಆ ಶೀತಪ್ರದೇಶದಲ್ಲಿ ಸಾಲ್ಮನ್ನಿನ ಹೊಳೆಯನ್ನು ಕಾಯಲು ತೆಂಗಿನ ನಾರು ನಿಂತಿದೆಯೆಂದು ತಿಳಿದಾಗ, ತಿಪಟೂರು ಅರಸೀಕೆರೆಗಳ ಕಡೆಯ ರಸ್ತೆಗಳ ಪಕ್ಕದಲ್ಲಿ ಸಿಪ್ಪೆಯ ರಾಶಿಗಳನ್ನು ಕಂಡಿರುವ ನನ್ನಂಥವರಿಗೆ ಒಂದು ಬಗೆಯ ಆತ್ಮೀಯತೆ ಹುಟ್ಟದೆ ಇರದು. ಕಾರ್ಖಾನೆಗಳಲ್ಲಿ ತಯಾರಾಗುವ ಶೋಧಕ ಯಂತ್ರಗಳಿಗೂ ಇಂತಹ ಪರೀಕ್ಷೆ ಉಂಟು: ನಿಜವಾದ ಮಳೆಯಲ್ಲಿ ಇಟ್ಟು, ನೀರಿನಲ್ಲಿ ತೇಲುವ ಕಣಗಳಲ್ಲಿ ಶೇಕಡ 80ನ್ನು ತಡೆಯುವುದೆಂದು ತೋರಿಸಿದ ಮೇಲೆಯೇ ಅವುಗಳಿಗೆ ಮಾನ್ಯತೆ, ಈ ಪರೀಕ್ಷೆಯ ಕಾರ್ಯದಲ್ಲಿ ಮಳೆನೀರಿನ ಕೇಂದ್ರವು ಇಲಾಖೆಗೆ ಸಹಾಯಕವಾಗಿದೆ.

ಸಿಯಾಟಲ್ಲಿನ ಪೂರ್ವಕ್ಕಿರುವ ಬೆಲ್‌ವ್ಯೂ, ರೆಡ್ಮಂಡ್ ಊರುಗಳಲ್ಲಿ ಇಂದು ಕನ್ನಡ ಮಾತನಾಡುವ ಮನೆಗಳು ಎಷ್ಟೋ ಇವೆ. ಕಾರನ್ನು ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ತೊಳೆಯದೆ ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯಬೇಕೆಂದು ಅಲ್ಲಿಯ ನಗರಸಭೆ ಹೇಳುವುದನ್ನೂ, ಬೀದಿಯ ಜಾಲರಿಯ ಪಕ್ಕದಲ್ಲಿ ಮೀನಿನ ಚಿತ್ರವಿರುವ ಚಿಕ್ಕ ಬಿಲ್ಲೆಯನ್ನೂ ಅವರು ಕಂಡಿರಬೇಕು. ಸಾಬೂನಿನ ನೀರು ಹುಲ್ಲಿಗೆ ಹೋದರೆ ಮಣ್ಣು ಅದನ್ನು ಅರಗಿಸಿಕೊಳ್ಳುತ್ತದೆ, ಜಾಲರಿಗೆ ಹೋದರೆ ಮೀನು ಕುಡಿಯುತ್ತದೆ ಎಂಬುದು ಆ ಬಿಲ್ಲೆಯ ಅರ್ಥ. ಕೋಹೋ ನಮ್ಮ ನಾಡಿನ ಹೊಳೆಗಳ ಮೀನಲ್ಲ. ಆದರೆ 6ಪಿಪಿಡಿ ಬೆರೆಸಿದ ಟೈರುಗಳು ಲೋಕದ ಎಲ್ಲ ರಸ್ತೆಗಳ ಮೇಲೆಯೂ ಉರುಳುತ್ತಿವೆ.

ಕೈಗಾರಿಕೆಗಳ ಪರವಾನಗಿಯಲ್ಲಿ ಒಂದು ಸಣ್ಣ ನಿಯಮವುಂಟು. ಶರತ್ಕಾಲದಲ್ಲಿ ಬರುವ ಮೊದಲನೆಯ ಮಳೆಯ ನೀರನ್ನು, ಅದು ಅಂಗಳದಿಂದ ಹರಿಯತೊಡಗಿದ ಹನ್ನೆರಡು ಗಂಟೆಗಳೊಳಗೆ ಸೀಸೆಯಲ್ಲಿ ಹಿಡಿಯಬೇಕೆಂದು ಅದು ವಿಧಿಸುತ್ತದೆ. ಬೇಸಗೆಯುದ್ದಕ್ಕೂ ಬೀದಿಯಲ್ಲಿ ಕೂತ ಕೊಳೆಯೆಲ್ಲ ಒಟ್ಟಿಗೆ ಇಳಿಯುವುದು ಆ ಮಳೆಯಲ್ಲಿ. ಕಡಲಿನಿಂದ ಬಂದ ಕೋಹೋ ಮೀನುಗಳು ಹಳ್ಳದ ಬಾಯಿಯಲ್ಲಿ ನಿಂತು ಕಾಯುವುದೂ ಶರತ್ಕಾಲದ ಆ ಮಳೆಗಳನ್ನೇ; ನೀರು ಏರಿದಲ್ಲದೆ ಅವು ಮೇಲಕ್ಕೆ ಹತ್ತಲಾರವು. ಕಾರು ಬಿಚ್ಚುವ ವ್ಯಾಪಾರಿಯು ಗಾಜಿನ ಸೀಸೆಯನ್ನು ತೊಳೆದಿಟ್ಟು, ಆಕಾಶವನ್ನು ನೋಡುತ್ತ ಬಾಗಿಲಲ್ಲಿ ನಿಂತಿರುವ ಅದೇ ಹೊತ್ತಿನಲ್ಲಿ, ಕೆಲವು ಮೈಲಿ ಕೆಳಗೆ, ಉಪ್ಪುನೀರೂ ಸಿಹಿನೀರೂ ಬೆರೆಯುವ ಕಡೆ, ಆ ಮೀನುಗಳು ಹಳ್ಳದ ಕಡೆಗೆ ಮುಖ ಮಾಡಿ ನಿಂತಿರುತ್ತವೆ.